ಮೊದಲ ದಿನದ ಚೀಲ

ನಾಗರತ್ನಾ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದಳು ನೋಡಿ, ಅವತ್ತಿನಿಂದ ಧಾರವಾಡದ ಕೆಲಗೇರಿಯ ಆ ಮನೆಯಲ್ಲಿ ಒಂದು ಊಟವೂ ಜಗಳವಿಲ್ಲದೆ ಮುಗಿಯಲಿಲ್ಲ.

ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ‘ಬುಧವಾರ, ಮೊದಲ ದಿನ’ ಎಂದು ಬರೆದಿತ್ತು. ಅದರ ಕೆಳಗೆ, ಬೆಳಿಗ್ಗೆ ಆರಕ್ಕೆ ಪುಣೆಯಲ್ಲಿ ಬಸ್ಸು ಇಳಿಯುವುದು. ಆರೂವರೆಗೆ ಟ್ಯಾಕ್ಸಿ. ಒಂಬತ್ತಕ್ಕೆ ಘಾಟಿನ ಕೆಳಗಿನ ಪಾರ್ಕಿನ ಹೋಟೆಲ್ಲಿನಲ್ಲಿ ಸಾಮಾನು ಇಡುವುದು, ಮಕ್ಕಳಿಗೆ ನಾಷ್ಟಾ. ಹತ್ತೂವರೆಗೆ ನೀರಿನ ಪಾರ್ಕಿನ ಗೇಟು. ಹೋಟೆಲ್ಲಿನ ಕೋಣೆ ಕೈಗೆ ಸಿಗುವುದು ಮಧ್ಯಾಹ್ನ ಎರಡಕ್ಕೆ, ಆದ್ದರಿಂದ ಮೊದಲ ದಿನಕ್ಕೆ ಬೇಕಾದದ್ದೆಲ್ಲ ಒಂದೇ ಚೀಲದಲ್ಲಿರಬೇಕು ಎಂದು ಕೊನೆಯ ಸಾಲು.

ರೊಟ್ಟಿ ಮುರಿಯುತ್ತ ಅತ್ತೆ ಸಂಗವ್ವ ಕೇಳಿದಳು, "ಕರುಣಾ, ಏನ ಬರದಾಳ ನಿಮ್ಮವ್ವ, ಓದವಾ."

ಎರಡನೆಯ ಇಯತ್ತೆಯ ಕರುಣಾ ಎದ್ದು ನಿಂತು, ಸಾಲೆಯಲ್ಲಿ ಪಾಠ ಓದಿದ ಹಾಗೆ ಓದಿದಳು.

"ಇದರಾಗ ನಮ್ಮ ಧನಶ್ರೀ ಮನಿ ಎಷ್ಟ ಗಂಟೆಕ್ಕ ಬರತೈತಿ?"

"ಇಲ್ರಿ ಅತ್ತಿಯವರ," ಒಲೆಯ ಕಡೆಯಿಂದ ನಾಗರತ್ನಾ ಹೇಳಿದಳು, "ಅಲ್ಲಿ ಹೋಗಂಗಿಲ್ಲ."

"ಪುಣಾಕ್ಕ ಹೋಗಿ ಮಗಳ ಮನಿ ಮೆಟ್ಟಲಾರದ ಹೋಗೂದು?"

"ಬುಧವಾರದ ಟಿಕೀಟು ಬುಧವಾರಕ್ಕಷ್ಟ ನಡೀತಾವ. ನೀರಿನ ಪಾರ್ಕು ಅವತ್ತ ಒಂದ ದಿನ. ಗುರುವಾರ ತಿರಗೂ ಪಾಳಣಿ, ಆಟದ ರೈಲು, ಅದೆಲ್ಲಾ. ಶುಕ್ರವಾರ ವಾಪಸ್ಸು. ನನಗ ಸಿಕ್ಕದ್ದು ನಾಕ ದಿನದ ರಜಾ."

ಸತ್ತೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನಾಗರತ್ನಾ ರಕ್ತ ತೆಗೆಯುವ ಕೆಲಸದಲ್ಲಿದ್ದಳು. ಹೋದ ವರ್ಷದ ರಜೆ ಅತ್ತೆಯ ಕಣ್ಣಿನ ಆಪರೇಷನ್ನಿಗೆ ಹೋಯಿತು. ಅದರ ಹಿಂದಿನದು ಪುಣೆಯಲ್ಲಿ ನಾದಿನಿ ಧನಶ್ರೀಯ ಹೊಸ ಮನೆಯ ಶಾಂತಿಗೆ ಹೋಯಿತು. ಎರಡು ಸಲವೂ ಕರುಣಾಳಿಗೆ ಪಾರ್ಕಿಗೆ ಹೋಗೋಣ ಎಂದು ಹೇಳಿ ಆಗಿತ್ತು. ಸೂಟಿ ಮುಗಿದು ಸಾಲೆಯಲ್ಲಿ ‘ನನ್ನ ರಜಾ ದಿನಗಳು’ ಬರೆಯಿರಿ ಅಂದಾಗ, ಹುಡುಗಿ ಹೋಗದ ಪಾರ್ಕಿಗೆ ಹೋಗಿಬಂದೆ ಎಂದು ಒಂದೂವರೆ ಪುಟ ಬರೆದಿದ್ದಳು. ಫೋಟೋ ತೋರಿಸು ಅಂತ ಹುಡುಗಿಯರು ಬೆನ್ನು ಹತ್ತಿದಾಗ ಸುಳ್ಳು ಹೊರಬಿತ್ತು. ಟೀಚರು ಆ ವಹಿಯನ್ನು ಮನೆಗೆ ಕಳಿಸಿದ್ದರು. ನಾಗರತ್ನಾ ಅದನ್ನು ಯಾರಿಗೂ ತೋರಿಸದೆ ತನ್ನ ಸೀರೆಗಳ ಕೆಳಗೆ ಇಟ್ಟುಕೊಂಡಿದ್ದಳು. ಈ ಬುಧವಾರ ತಪ್ಪಿದರೆ ಮಗಳಿಗೆ ಮತ್ತೆ ಯಾವ ಮಾತೂ ಕೊಡಲಾರೆ ಎಂದು ಗಂಡನಿಗೆ ಅಷ್ಟೇ ಹೇಳಿದ್ದಳು.

ಗಂಡ ಶಂಭುಲಿಂಗ ತಲೆ ಎತ್ತದೆ ಉಂಡ. ಹುಬ್ಬಳ್ಳಿಯ ಎಪಿಎಂಸಿಯಲ್ಲಿ ಅವನದು ಹತ್ತಿ ದಲಾಲಿ. ಅಲ್ಲಿ ಇಬ್ಬರ ನಡುವೆ ಮಾತು ಕುದುರಿಸುವುದೇ ಕೆಲಸ, ಮನೆಯಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಅವ್ವನಿಗೂ ಒಂದು ಟಿಕೀಟು ತಗಿ ಎಂದದ್ದು ಅವನೇ. ಅಪ್ಪ ಫಕೀರಪ್ಪ ಮಾತ್ರ, "ಎಮ್ಮಿ ಬಿಟ್ಟು ನಾ ಎಲ್ಲಿ ಬರ್ಲಿ? ನೀವ ಹೋಗಿ ಬರ್ರಿ" ಎಂದು ಮೊದಲೇ ತಪ್ಪಿಸಿಕೊಂಡಿದ್ದ.

"ಒಂದ ಹೊತ್ತಿನ ಊಟ," ಸಂಗವ್ವ ಬಿಡಲಿಲ್ಲ. "ಉಂಡು ಎದ್ದು ಹೋಗೂದು."

"ನನ್ನ ಮಕ್ಕಳು ಅಲ್ಲಿ ಉಣ್ಣಂಗಿಲ್ರಿ."

"ಯಾಕ, ಅಕಿ ಏನ ವಿಷಾ ಹಾಕ್ತಾಳ?"

"ಹೋದ ಸಲ ಏನ ಹಾಕಿದ್ಲು ನಿಮಗ ಗೊತ್ತೈತಿ."

ಹೋದ ಸಲ ಅಂದರೆ ಮನೆಶಾಂತಿಯ ಪಂಕ್ತಿ. ಕರುಣಾ ಎರಡನೆಯ ಸಲ ಶ್ರೀಖಂಡ ಕೇಳಿದಾಗ, ನಲವತ್ತು ಮಂದಿಯ ಮುಂದೆ ಧನಶ್ರೀ, "ಯಾಕ ವೈನಿ, ಮನ್ಯಾಗ ಇವಕ್ಕ ಹಾಕೂದಿಲ್ಲೇನು?" ಎಂದು ನಕ್ಕಿದ್ದಳು. ಮಂದಿಯೂ ನಕ್ಕಿತು. ಕರುಣಾ ಬಟ್ಟಲನ್ನು ಎಲೆಯ ಆಚೆ ಸರಿಸಿದವಳು ಆಮೇಲೆ ಎರಡು ದಿನ ಆ ಮನೆಯಲ್ಲಿ ಅನ್ನ ಬಿಟ್ಟು ಬೇರೇನೂ ಮುಟ್ಟಲಿಲ್ಲ.

"ಚೇಷ್ಟಿ ಮಾಡಿದ್ದನ್ನ ಎರಡ ವರ್ಷ ಕಟಗೊಂಡ ಕುಂತಿ," ಅಂದಳು ಸಂಗವ್ವ.

"ಹೌದ್ರಿ, ಕಟಗೊಂಡೇನಿ."

"ಪಲ್ಯಾದಾಗ ಉಪ್ಪಿಲ್ಲ," ಎಂದು ಫಕೀರಪ್ಪ ಹೇಳಿದ. ಪಲ್ಯದಲ್ಲಿ ಉಪ್ಪು ಸರಿಯಾಗೇ ಇತ್ತು.

ಎರಡನೆಯ ವಾರ ಜಗಳ ಬಟ್ಟೆಯ ಮೇಲೆ ಬಂತು. ನೀರಿನ ಪಾರ್ಕಿನಲ್ಲಿ ನೈಲಾನ್ ಬಟ್ಟೆ ಇದ್ದವರಿಗಷ್ಟೇ ನೀರಿಗಿಳಿಯಲು ಬಿಡುತ್ತಾರೆ. ನಾಗರತ್ನಾ ಹುಬ್ಬಳ್ಳಿಗೆ ಹೋಗಿ ತನಗೂ ಮಕ್ಕಳಿಗೂ ಮೈತುಂಬ ಮುಚ್ಚುವಂಥ ಬಟ್ಟೆ ತಂದಳು. ನಾಲ್ಕು ವರ್ಷದ ಚನ್ನು ಅದನ್ನು ಹಾಕಿಕೊಂಡು ನಡುಮನೆಯಲ್ಲಿ ನೆಲದ ಮೇಲೆ ಈಜು ಹೊಡೆದ.

"ಆಯಿ, ಸೀರಿ ಉಟ್ಟವರನ್ನ ನೀರಾಗ ಬಿಡಂಗಿಲ್ಲಂತ," ಕರುಣಾ ಹೇಳಿದಳು. "ನಿನಗ?"

"ಥೂ," ಅಂದಳು ಸಂಗವ್ವ. "ಇಂಥಾ ಅರಿವಿ ಹಾಕ್ಕೊಂಡು ನಾ ಮಂದಿ ಮುಂದ ನಿಂದರ್ಲೇನು? ನಿಮ್ಮವ್ವ ಬೇಕಾದ್ರ ನಿಂದರ್ಲಿ. ನಾ ದಂಡಿಗೆ ಕುಂತು ನಿಮ್ಮ ಚೀಲಾ ಕಾಯ್ತೇನಿ."

ಫಕೀರಪ್ಪ ಅಡಕಿ ಕತ್ತರಿಸುತ್ತ ನಕ್ಕ. "ಈಕಿ ಹುಡಿಗಿದ್ದಾಗ ತಮ್ಮೂರ ಕೆರಿ ಈ ದಂಡಿಂದ ಆ ದಂಡಿಗೆ ಈಸ್ತಿದ್ಲಂತ. ನನಗ ಕೊಡೂ ಮುಂದ ಇವರಪ್ಪ ಅದೊಂದು ಮಾತ ಮುಚ್ಚಿಟ್ಟಿದ್ದ."

"ನಿಮ್ಮ ಬಾಯಿ ಒಂದ ಮುಚ್ಚಲಿಲ್ಲ ನೋಡ್ರಿ," ಎಂದು ಸಂಗವ್ವ ಕೆಂಪಾಗಿ ಎದ್ದು ಹಿತ್ತಲಿಗೆ ಹೋದಳು.

ಆ ವಾರ ಅವಳು ದಿನಾ ಮಧ್ಯಾಹ್ನ ಎದುರು ಮನೆಯ ಮುಸರತಳ ಹತ್ತಿರ ಹೋಗಿ ಕೂತಳು. ಮುಸರತ ಓಣಿಗೆಲ್ಲ ಬಟ್ಟೆ ಹೊಲಿಯುವವಳು. ಒಂದು ಸಂಜೆ ನಾಗರತ್ನಾ ಪರಕಾರದ ಲಾಡಿ ಹಾಕಿಸಲು ಹೋದಾಗ ಇಬ್ಬರೂ ತಟ್ಟನೆ ಸುಮ್ಮನಾದರು. ಮುಸರತ ಮಷೀನಿನ ಮೇಲಿದ್ದ ಕರೀ ಬಟ್ಟೆಯನ್ನು ಎಳೆದು ಕಾಲ ಕೆಳಗೆ ಹಾಕಿಕೊಂಡಳು.

ಮನೆಗೆ ಬಂದ ಮೇಲೆ ನಾಗರತ್ನಾ ಕೇಳಿಯೇಬಿಟ್ಟಳು. "ನನ್ನ ವಿಷಯ ಏನೇನ ಹೇಳಿ ಮುಗಸೀರಿ ಅತ್ತಿಯವರ? ಇನ್ನ ಎರಡ ಓಣಿ ಉಳದಾವೇನು?"

"ನಿನ್ನ ಬಿಟ್ಟು ನನಗ ಜಗತ್ತಿನ್ಯಾಗ ಬ್ಯಾರೆ ಮಾತ ಇಲ್ಲ ಅಂತ ತಿಳದೀಯೇನು?"

"ಇದ್ದಿದ್ರ ನಾ ಬಂದಕೂಡಲೆ ಬಾಯಿ ಯಾಕ ಮುಚ್ತಿದ್ರಿ?"

ಅವತ್ತು ಅತ್ತೆ ಸೊಸೆ ಬೇರೆ ಬೇರೆ ಹೊತ್ತಿಗೆ ಉಂಡರು.

ಮೂರನೆಯ ವಾರ ಸಂಗವ್ವನ ಕೈಗೆ ಪಂಚಾಂಗ ಬಂತು. ಹೊರಡುವುದು ಮಂಗಳವಾರ.

"ಮಂಗಳವಾರ ಈ ಮನ್ಯಾಗಿಂದ ಯಾರೂ ಊರಿಗೆ ಹೊರಬಿದ್ದಿಲ್ಲ. ನಮ್ಮತ್ತಿ ಕಾಲದಿಂದ ಬಿದ್ದಿಲ್ಲ."

"ಪ್ರತೀ ಮಂಗಳವಾರ ನಾ ಸತ್ತೂರಿಗೆ ಹೋಗ್ತೇನಲ್ರಿ?"

"ಅದು ಕೆಲಸ. ಇದು ಪ್ರಯಾಣ. ಬ್ಯಾರೆ."

ನಾಗರತ್ನಾ ಸೌಟನ್ನು ಪಾತ್ರೆಯ ಮೇಲೆ ಕುಟ್ಟಿದಳು. ಶಂಭುಲಿಂಗ ಎರಡೂ ಕಡೆ ನೋಡಿದ. ಕೊನೆಗೆ ಫಕೀರಪ್ಪನೇ ದಾರಿ ತೋರಿಸಿದ.

"ಪರಸ್ಥಾನ ಇಡ್ರಲಾ. ಸೋಮವಾರ ಛಲೋ ಐತಿ. ಒಂದ ಚೀಲ ಒಯ್ದು ಮುಸರತನ ಮನ್ಯಾಗ ಇಟ್ರ ಅವತ್ತನ ಹೊರಟಂಗ ಆತು. ಮರದಿನ ಅದನ್ನ ತಗೊಂಡ ಹಂಗ ಮುಂದ ನಡೀರಿ."

ಹೊರಡುವ ದಿನ ಕೂಡಿಬರದಿದ್ದರೆ ಹೀಗೆ ಮಾಡುವುದು ಆ ಮನೆಯ ರೂಢಿ. ಒಳ್ಳೆಯ ದಿನ ನೋಡಿ ಒಂದು ಗಂಟನ್ನು ಹೊಸ್ತಿಲು ದಾಟಿಸಿ ಬೇರೆಯವರ ಮನೆಯಲ್ಲಿಟ್ಟರೆ, ಪ್ರಯಾಣ ಆ ದಿನವೇ ಸುರುವಾದ ಹಾಗೆ. ಇಟ್ಟ ಚೀಲ ಮತ್ತೆ ಮನೆಯೊಳಗೆ ಬರಬಾರದು. ಅದು ಇದ್ದಲ್ಲಿಗೇ ಹೋಗಿ, ಅಲ್ಲಿಂದ ಎತ್ತಿಕೊಂಡು ಮುಂದೆ ಹೋಗಬೇಕು.

"ಬರೀ ಚೀಲ ಅಲ್ಲ," ಸಂಗವ್ವ ಬೆರಳೆತ್ತಿ ಹೇಳಿದಳು. "ಹೋಗೂ ಒಬ್ಬೊಬ್ಬರದೂ ಒಂದ ಅರಿವಿ ಅದರಾಗ ಇರಬೇಕು. ಯಾರದ ಅರಿವಿ ಹೊರಗ ಬಿದ್ದಿರತೈತಿ, ಅವರದಷ್ಟ ಪರಸ್ಥಾನ. ಇಲ್ಲದವರು ಮಂಗಳವಾರ ಹೊಸ್ತಿಲ ದಾಟೂಹಂಗಿಲ್ಲ."

"ಇಡ್ರಿ," ಅಂದಳು ನಾಗರತ್ನಾ. ಎದುರು ಮನೆಗೆ ಒಂದು ಚೀಲ ಹೋಗಿ ಬಂದರೆ ತನ್ನ ಹಾಳೆಯಲ್ಲಿ ಏನೂ ಬದಲಾಗುವುದಿಲ್ಲವಲ್ಲ.

ಸೋಮವಾರ ಸಂಜೆ ಅವಳು ಕೆಲಸ ಮುಗಿಸಿ ಬಂದು ನೋಡಿದರೆ, ಮೂಲೆಯಲ್ಲಿಟ್ಟಿದ್ದ ನೀಲಿ ಚೀಲ ಇರಲಿಲ್ಲ. ಅದು ಮೊದಲ ದಿನದ ಚೀಲ. ನೈಲಾನ್ ಬಟ್ಟೆ, ಟಾವೆಲ್ಲು, ಗಂಡನ ಅಂಗಿ, ಎಲ್ಲರ ಆಧಾರ ಕಾರ್ಡು, ಎಲ್ಲ ಅದರಲ್ಲೇ ಇತ್ತು.

"ನೀಲಿ ಚೀಲಾ ಇಟ್ರೇನ್ರಿ ಪರಸ್ಥಾನಕ್ಕ? ಇರ್ಲಿ. ಮುಸರತನ ಮನ್ಯಾಗ ಕುಂತ ಇನ್ನೊಂದೆರಡ ಸಾಮಾನ ತುಂಬಿ ಬರ್ತೇನಿ."

ಸಂಗವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. "ಅಲ್ಲಿಲ್ಲ."

"ಮತ್ತ?"

"ಪುಣಾಕ್ಕ ಹೋತು."

ಧನಶ್ರೀಯ ಗಂಡ ಏಕನಾಥ ಭಾನುವಾರ ಹುಬ್ಬಳ್ಳಿಯಲ್ಲಿ ಒಂದು ಮದುವೆಗೆ ಬಂದಿದ್ದ. ಸೋಮವಾರ ಕಾರಿನಲ್ಲಿ ವಾಪಸ್ಸು ಹೋಗುವಾಗ ಅತ್ತೆ ಮಾವನನ್ನು ನೋಡಲು ಬಂದು ಚಹಾ ಕುಡಿದು ಹೋಗಿದ್ದ. ಚೀಲವೂ ಅವನ ಕಾರಿನಲ್ಲಿ ಹೋಗಿತ್ತು.

"ಪರಸ್ಥಾನ ಮಗಳ ಮನ್ಯಾಗ ಇಟ್ಟೇನಿ," ಸಂಗವ್ವ ಮೊರ ಕೇರುತ್ತಲೇ ಹೇಳಿದಳು. "ಎಲ್ಲಿಟ್ಟೇವಿ ಅಲ್ಲಿಂದನ ಮುಂದ ಹೋಗಬೇಕು. ಅಕಿ ಹೋಳಗಿ ಮಾಡ್ತಾಳ. ಉಂಡು ಹೋಗೂಣು."

ನಾಗರತ್ನಾ ಕೈಯಲ್ಲಿದ್ದ ಊಟದ ಡಬ್ಬಿಯನ್ನು ಕಟ್ಟೆಯ ಮೇಲೆ ಇಟ್ಟಳು. ದನಿ ಏರಿಸಲಿಲ್ಲ.

"ಮೂರ ವಾರದಿಂದ ಇದನ್ನ ಹೆಣದೀರಿ."

"ಮಗಳನ್ನ ನೋಡೂದು ಹೆಣಿಗಿ ಆತೇನು?"

"ನನ್ನ ಮಗಳ ದಿನಾ ಕಸಗೊಂಡು ನಿಮ್ಮ ಮಗಳ ಕೈಯಾಗ ಕೊಟ್ರಿ. ಹೋಳಗಿ ಉಂಡು ಏಳೂದರಾಗ ಹನ್ನೆರಡಾಗತೈತಿ. ಅಲ್ಲಿಂದ ಘಾಟ ಇಳದು ಮುಟ್ಟೂದ ಯಾವಾಗ? ನಾಕಕ್ಕ ನೀರ ಬಂದ್ ಮಾಡ್ತಾರ."

"ಮುಂದಿನ ವರ್ಷ ಹೋಗಾಕ ಬರತೈತಿ ನೀರಿಗೆ."

ಕರುಣಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅಳಲಿಲ್ಲ. ಫ್ರಿಜ್ಜಿನ ಹತ್ತಿರ ಹೋಗಿ ಆ ಹಾಳೆಯನ್ನು ಕಿತ್ತು, ನಾಲ್ಕು ಮಡಿಕೆ ಮಾಡಿ, ಕಸದ ಬುಟ್ಟಿಗೆ ಹಾಕಿದಳು. "ನಂಗ ಗೊತ್ತಿತ್ತು," ಅಂದಳು.

ಶಂಭುಲಿಂಗ ಪೇಟೆಯಿಂದ ಬಂದಾಗ ಊಟದ ತಾಟುಗಳು ಖಾಲಿಯಾಗೇ ಇದ್ದವು. ವಿಷಯ ಕೇಳಿ ಅವನು, "ಅವ್ವಾ, ಹಿಂಗ ಮಾಡಬಾರದಿತ್ತು" ಎಂದ. ಜೀವನದಲ್ಲಿ ಅವ್ವನಿಗೆ ಅವನು ಅಂದ ದೊಡ್ಡ ಮಾತು ಅದೇ ಇರಬೇಕು.

"ನಿನ್ನ ಹೇಣ್ತಿ ಬರದದ್ದು ಶಾಸನ, ನಾ ಮಾಡಿದ್ದು ತಪ್ಪು?"

"ನಿಮ್ಮ ಶಾಸನಾನ ಓದೂಣ್ರಿ," ನಾಗರತ್ನಾ ನಡುವೆ ಬಂದಳು. "ಯಾರ ಅರಿವಿ ಚೀಲದಾಗ ಐತಿ ಅವರದಷ್ಟ ಪರಸ್ಥಾನ. ನೀವ ಹೇಳಿದ ಮಾತು. ಮಾವಾರ, ನೀವೂ ಕೇಳೀರಿ."

"ಕೇಳೇನವಾ," ಅಂದ ಫಕೀರಪ್ಪ.

"ನನ್ನದು, ಇವರದು, ಮಕ್ಕಳದು ನಾನ ತುಂಬೇನಿ. ನಿಮ್ಮ ಐದೂ ಸೀರಿ ನಾ ಮಡಚಿಟ್ಟೇನಿ, ನಡುಮನ್ಯಾಗ ಟ್ರಂಕಿನ ಮ್ಯಾಲ ಅದಾವ. ಒಂದೂ ಹೋಗಿಲ್ಲ. ನೀವು ಏನ ಇಟ್ರಿ ಚೀಲದಾಗ?"

ಸಂಗವ್ವ ಮೊರ ಕೆಳಗಿಟ್ಟಳು.

"ಹೇಳ್ರಿ. ಒಂದ ಕುಪ್ಪಸ ಇಟ್ಟಿದ್ರೂ ಸಾಕು, ನಾ ಬಾಯಿ ಮುಚಗೊಂಡು ಧನಶ್ರೀ ಮನ್ಯಾಗ ಬಂದು ಉಣ್ತೇನಿ."

ಸಂಗವ್ವ ಗಂಡನ ಕಡೆ ನೋಡಿದಳು, ಮಗನ ಕಡೆ ನೋಡಿದಳು. ಕಿವಿಯವರೆಗೆ ಕೆಂಪಾಗಿದ್ದಳು.

"ಹೇಳ ಮತ್ತ," ಅಂದ ಫಕೀರಪ್ಪ. "ಎಲ್ಲಾರದೂ ಇಡಬೇಕಂತ ಕುಣದಾಕಿ ನೀನ. ನಿಂದ ಏನ ಇಟ್ಟೀ?"

"ಏನೂ ಇಟ್ಟಿಲ್ಲ."

"ಮರತ್ರೇನು?" ನಾಗರತ್ನಾ ಕೇಳಿದಳು.

"ಏನೂ ಇಟ್ಟಿಲ್ಲ ಅಂದ್ನಲ್ಲಾ. ಎಷ್ಟ ಸಲ ಹೇಳ್ಲಿ?"

"ಹಂಗಾರ ನಾಳೆ ನೀವು ಹೊಸ್ತಿಲ ದಾಟೂಹಂಗಿಲ್ರಿ," ಅಂದಳು ನಾಗರತ್ನಾ.

ಸಂಗವ್ವ ಜೋಳದ ಮೊರವನ್ನು ಮತ್ತೆ ಎತ್ತಿಕೊಂಡಳು. "ಹೋಗ್ರಿ," ಅಂದಳು. "ನೀವ ನಾಕ ಮಂದಿ ಹೋಗ್ರಿ. ನಾ ಬರೂದಿಲ್ಲ. ಎಮ್ಮಿಗೆ ಹಿಂಡಿ ಕಲಿಸಿ ಇಡೂರ ಯಾರು ಇಲ್ಲಿ?"

ನಾಗರತ್ನಾ ‘ಹಂಗನ್ನಬ್ಯಾಡ್ರಿ, ಬರ್ರಿ’ ಅನ್ನಲಿಲ್ಲ. ಕಸದ ಬುಟ್ಟಿಗೆ ಕೈ ಹಾಕಿ ಹಾಳೆ ತೆಗೆದು, ಅದಕ್ಕೆ ಹತ್ತಿದ್ದ ಚಹಾಪುಡಿ ಝಾಡಿಸಿ, ಮತ್ತೆ ಫ್ರಿಜ್ಜಿಗೆ ಅಂಟಿಸಿದಳು. ಶಂಭುಲಿಂಗ ಹೊರಗೆ ಹೋಗಿ ಏಕನಾಥನಿಗೆ ಫೋನು ಮಾಡಿದ. ಚೀಲವನ್ನು ಬಸ್ಸಿನ ಹತ್ತಿರವೇ ತಂದುಕೊಡಿರಿ ಎಂದು ಹೇಳುವಷ್ಟರಲ್ಲಿ ಅವನ ಅಂಗಿ ಬೆವರಿನಿಂದ ತೊಯ್ದಿತ್ತು.

ಮಂಗಳವಾರ ಸಂಜೆ ಆಟೋ ಬಂದಾಗ ಸಂಗವ್ವ ಮಕ್ಕಳ ಕೈಗೆ ಶೇಂಗಾ ಉಂಡಿಯ ಡಬ್ಬಿ ಕೊಟ್ಟಳು. ಹೊಸ್ತಿಲ ಒಳಗೇ ನಿಂತು ಕೊಟ್ಟಳು. ಸೊಸೆಯ ಮುಖ ನೋಡಲಿಲ್ಲ. ಎದುರು ಮನೆಯಿಂದ ಮುಸರತ ಓಡಿ ಬಂದಳು. "ಏನ್ರಿ ಸಂಗಕ್ಕಾ, ನೀವು ಹತ್ತಲಿಲ್ಲ? ಅಷ್ಟ ಮಾಡಿ..."

"ಸುಮ್ಮನಿರವಾ ನೀ," ಸಂಗವ್ವ ತಡೆದಳು. "ಒಳಗ ಬಾ, ಚಹಾ ಕುಡಿ."

ಪುಣೆಯಲ್ಲಿ ಬಸ್ಸು ಆರಕ್ಕೆ ಹತ್ತು ನಿಮಿಷ ಇರುವಾಗಲೇ ಮುಟ್ಟಿತು. ಏಕನಾಥನ ಕಾರು ನಿಂತಿತ್ತು. ಧನಶ್ರೀ ಅದಕ್ಕೆ ಆನಿಕೊಂಡು ನಿಂತಿದ್ದಳು, ನೀಲಿ ಚೀಲ ಅವಳ ಕಾಲ ಹತ್ತಿರ.

"ಅವ್ವ ಎಲ್ಲೆ?"

"ಬರಲಿಲ್ಲ," ಶಂಭುಲಿಂಗ ಹೇಳಿದ.

"ಬರಲಿಲ್ಲೋ, ಬಿಡಲಿಲ್ಲೋ? ವೈನಿ, ನಾ ನಿಮ್ಮನ್ನ ಕೇಳಾಕತ್ತೇನಿ. ಎರಡ ವರ್ಷ ಆತು ನಾ ನಮ್ಮವ್ವನ್ನ ನೋಡಿ."

"ಧಾರವಾಡ ಎಲ್ಲೂ ಓಡಿ ಹೋಗಿಲ್ಲ ಧನಶ್ರೀ. ನಿಮ್ಮ ಮನ್ಯಾಗ ಕಾರ ಐತಿ."

"ನಸಿಕ್ಯಾಗ ಎದ್ದು ಕಣಕ ನಾದಿ ಇಟ್ಟೇನಿ ನಾನು."

"ಇಟ್ಟಿದ್ದನ್ನ ನೀವ ಉಣ್ರಿ. ನಮ್ಮ ಹುಡುಗುರು ಎರಡೆರಡ ಸಲ ಕೇಳ್ತಾವ, ನಿಮಗ ತ್ರಾಸ."

ಧನಶ್ರೀ ಚೀಲವನ್ನು ಕಾಲಿನಿಂದ ಮುಂದಕ್ಕೆ ನೂಕಿದಳು. "ತಗೋರಿ. ಮತ್ತ ನಮ್ಮ ಮನೀಗೆ ಏನೂ ಕಳಸಬ್ಯಾಡ್ರಿ."

"ಕಳಿಸಿದ್ದು ನಾ ಅಲ್ಲ," ಎಂದು ನಾಗರತ್ನಾ ಚೀಲ ಎತ್ತಿ ಹೆಗಲಿಗೆ ಹಾಕಿದಳು. ಏಕನಾಥ ಮಾತ್ರ ಕರುಣಾಳ ಕೈಗೆ ಒಂದು ಚಾಕಲೇಟು ಇಡಲು ಹೋದ. ಕರುಣಾ ಕೈ ಹಿಂದೆ ಕಟ್ಟಿಕೊಂಡಳು. "ಬ್ಯಾಡ ಮಾಮಾ. ನಮ್ಮ ಮನ್ಯಾಗ ಹಾಕ್ತಾರ."

ಹಾಳೆಯಲ್ಲಿ ಬರೆದ ಹಾಗೇ ಎಲ್ಲ ನಡೆಯಿತು. ಒಂಬತ್ತಕ್ಕೆ ಹೋಟೆಲ್ಲು, ಇಡ್ಲಿ. ಹತ್ತಕ್ಕೆ ನೀರಿನ ಪಾರ್ಕಿನ ಗೇಟಿನ ಈಚೆ, ಹೆಂಗಸರ ಬಟ್ಟೆ ಬದಲಿಸುವ ಕೋಣೆ. ನಾಗರತ್ನಾ ಚನ್ನುವಿನ ಬಟ್ಟೆಯನ್ನು ಹೊರಗೆ ಗಂಡನ ಕೈಗೆ ಕೊಟ್ಟುಬಂದು, ಬೆಂಚಿನ ಮೇಲೆ ಚೀಲ ಬಿಚ್ಚಿ ಕರುಣಾಳ ಬಟ್ಟೆ ತೆಗೆದಳು, ತನ್ನದು ತೆಗೆದಳು. ತಳದಲ್ಲಿ, ಟಾವೆಲ್ಲಿನ ಕೆಳಗೆ, ಪೇಪರಿನಲ್ಲಿ ಸುತ್ತಿ ದಾರದಿಂದ ಕಟ್ಟಿದ ಒಂದು ಪೊಟ್ಟಣ ಇತ್ತು. ಅದು ಅವಳು ತುಂಬಿದ್ದಲ್ಲ.

ಬಿಚ್ಚಿದಳು. ಕರೀ ನೈಲಾನ್. ಅಂಗಡಿಯದಲ್ಲ, ಹೊಲಿಸಿದ್ದು. ತೋಳು ಮಣಿಕಟ್ಟಿನವರೆಗೆ, ಕಾಲು ಹಿಮ್ಮಡಿಯವರೆಗೆ, ನಡುವಿಗೆ ಸುತ್ತ ಮೊಳಕಾಲು ಮುಚ್ಚುವಷ್ಟು ಉದ್ದದ ಒಂದು ಝಾಲರು. ಮುಸರತಳ ಹೊಲಿಗೆ ಅವಳಿಗೆ ಗೊತ್ತಿತ್ತು. ಕೊರಳ ಒಳಭಾಗದಲ್ಲಿ, ಎದೆಯ ಹತ್ತಿರ, ಕೊರಳಿಗೆ ಕಟ್ಟಿಕೊಳ್ಳುವ ಇಷ್ಟಲಿಂಗ ಹಿಡಿಸುವಷ್ಟು ಒಂದು ಕಿಸೆ. ನೀರಲ್ಲಿ ಜಾರಿ ಬೀಳದ ಹಾಗೆ ಅದಕ್ಕೆ ಎರಡು ಟಿಚ್ ಬಟನ್ನು.

"ಮಮ್ಮಿ, ಇದು ಯಾರದು?"

ಕರುಣಾ ಬಟ್ಟೆಯನ್ನು ಹಿಡಿದು ಉದ್ದ ನೋಡಿದಳು, ಕಿಸೆ ನೋಡಿದಳು.

"ಆಯೀದು," ಅಂದಳು. "ಆಯಿ ನೀರಾಗ ಇಳೀತಿದ್ಲಾ?"

ಆಗಲೇ ಫೋನು ಬಂತು. ಮಾವನ ನಂಬರು, ದನಿ ಅತ್ತೆಯದು.

"ಮುಟ್ಟಿದ್ರೇನು?"

"ಮುಟ್ಟಿದ್ವಿರಿ."

"ಚನ್ನೂನ ಕಿವ್ಯಾಗ ನೀರ ಹೋಗದಂಗ ನೋಡ್ಕೋ. ಚೀಲಾ ಸಿಕ್ತೇನು?"

"ಸಿಕ್ತರಿ."

"ಎಲ್ಲಾ ತಗದ ನೋಡೀಯೇನು?"

ನಾಗರತ್ನಾಳ ಮೊಳಕಾಲ ಮೇಲೆ ಕರೀ ಬಟ್ಟೆ ಹರಡಿತ್ತು. ಅವಳು ಕರುಣಾಳ ಕಡೆ ನೋಡಿ, ತುಟಿಯ ಮೇಲೆ ಬೆರಳಿಟ್ಟಳು.

"ಇಲ್ರಿ. ಮ್ಯಾಲಿನ ಅರಿವಿ ಅಷ್ಟ ತಗದೇನಿ."

ಆ ಕಡೆ ಎಮ್ಮೆ ಕೂಗಿದ್ದು ಕೇಳಿಸಿತು, ಫಕೀರಪ್ಪ ಕೆಮ್ಮಿದ್ದು ಕೇಳಿಸಿತು. "ತಳಕ್ಕ ಕೈ ಹಾಕಬ್ಯಾಡ," ಅಂದಳು ಸಂಗವ್ವ. "ಅಲ್ಲಿ ನಿನಗ ಬೇಕಾದ್ದು ಏನೂ ಇಲ್ಲ."

"ಹೂಂರಿ."

ಫೋನು ಬಂದ್ ಆಯಿತು. ಹೊರಗೆ ಗೇಟು ತೆರೆಯುವ ಸೀಟಿ ಊದಿದರು, ಗಂಡಸರ ಕಡೆಯಿಂದ ಚನ್ನು ಒಂದೇ ಸವನೆ ಕೂಗುತ್ತಿದ್ದ. ನಾಗರತ್ನಾ ಬಟ್ಟೆಯನ್ನು ಮೊದಲಿದ್ದ ಮಡಿಕೆಯ ಮೇಲೇ ಮಡಚಿದಳು, ಅದೇ ಪೇಪರಿನಲ್ಲಿ ಸುತ್ತಿದಳು, ಅದೇ ದಾರ ಕಟ್ಟಿದಳು.

"ಮಮ್ಮಿ, ಹತ್ತೂವರಿ ಆತು," ಅಂದಳು ಕರುಣಾ.

"ಬಂದೆ."

ದಾರವನ್ನು ಮತ್ತೆ ಬಿಚ್ಚಿ ಕಟ್ಟಿದಳು. ಮುಸರತ ಹಾಕಿದ್ದ ಗಂಟು ಮಾತ್ರ ಹಾಗೆ ಬರಲಿಲ್ಲ.